ಐದು ನಕ್ಷತ್ರದ ಹೋಟೆಲು ಮತ್ತು ನಮ್ಮ ಮಕ್ಕಳು

(ಪಸ್ತಾಪುರದಲ್ಲಿ ದುಡಿಯುವ ಜನರ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಪಟ್ಟಣದ ದೊಡ್ಡ ಹೋಟೆಲಿನ ವಿಷಯ ಮಾತಾಡುತ್ತೇನೆಂದು ತಿಳಿಸಿದಾಗ ನಿಮ್ಮಲ್ಲಿ ಕೆಲವರು ನಕ್ಕರು. "ನಮಗೂ ಅದಕ್ಕೂ ಏನು ಸಂಬಂಧ? ಹೈದರಾಬಾದಿಗೆ ಹೋದರೆ ನಾವು ನೆಂಟರ ಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಮಲಗುವ ಜನ" ಎಂದರು. ನಗುವುದಕ್ಕೆ ಕಾರಣವುಂಟು, ಒಪ್ಪುತ್ತೇನೆ. ಆದರೆ ಸಂಬಂಧವೂ ಉಂಟು. ಅದನ್ನು ತೋರಿಸುವುದೇ ಈ ಸಂಜೆಯ ನನ್ನ ಕೆಲಸ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರು ಸೀಮೆಗಳಿಂದ ನಮ್ಮ ಮಕ್ಕಳು ಪಟ್ಟಣಕ್ಕೆ ಹೋಗುತ್ತಲೇ ಇದ್ದಾರೆ. ಮೊದಲು ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯುವುದಕ್ಕೆ ಹೋದರು. ಈಗ ಹತ್ತನೆಯದು, ಹನ್ನೆರಡನೆಯದು ಓದಿದ ಹುಡುಗರೂ ಹುಡುಗಿಯರೂ ದೊಡ್ಡ ಹೋಟೆಲಿನಲ್ಲಿ ಕೆಲಸ ಸಿಕ್ಕೀತೇ ಎಂದು ಕೇಳುತ್ತಾರೆ. ಮನೆಯ ಹಿರಿಯರು ಹೆದರುತ್ತಾರೆ. ಅವರಿಗೆ ಅದು ಕುಡಿತ ಕುಣಿತದ ಜಾಗ. ಹುಡುಗರಿಗೆ ಅದು ಸ್ವರ್ಗ. ಇಬ್ಬರೂ ಅದನ್ನು ಹೊರಗಿನಿಂದ ನೋಡಿದವರೇ. ಮಗನನ್ನು, ಮಗಳನ್ನು ಕಳಿಸುವ ಮುಂಚೆ ಒಳಗೆ ಏನಿದೆಯೆಂದು ತಿಳಿದುಕೊಳ್ಳುವುದು ತಾಯಿತಂದೆಗಳ ಕರ್ತವ್ಯವಲ್ಲವೇ?

ನಕ್ಷತ್ರ ಎಂದರೇನು?

ನಮ್ಮ ಭಾಷೆಯಲ್ಲಿ ಹೋಟೆಲು ಎಂದರೆ ತಿಂಡಿ ತಿನ್ನುವ, ಚಹಾ ಕುಡಿಯುವ ಜಾಗ. ಮಲಗುವ ಜಾಗಕ್ಕೆ ಲಾಡ್ಜು ಎನ್ನುತ್ತೇವೆ. ಐದು ನಕ್ಷತ್ರದ ಹೋಟೆಲಿನಲ್ಲಿ ಎರಡೂ ಉಂಟು, ಜೊತೆಗೆ ಮದುವೆಯ ಹಾಲು, ಸಭೆಯ ಹಾಲು, ಈಜುವ ಕೊಳ, ಅಂಗಡಿ ಎಲ್ಲವೂ ಉಂಟು. ಈ ನಕ್ಷತ್ರವನ್ನು ಮಾಲಿಕನು ತಾನೇ ಬರೆದುಕೊಳ್ಳುವಂತಿಲ್ಲ. ಅರ್ಜಿ ಹಾಕಿದರೆ ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ ಸಮಿತಿಯವರು ಬಂದು ಕೋಣೆಯ ಅಳತೆ, ಸ್ನಾನದ ಮನೆ, ಅಡಿಗೆಮನೆ, ಬೆಂಕಿಯಿಂದ ರಕ್ಷಣೆ ಎಲ್ಲವನ್ನೂ ನೋಡಿ ನಕ್ಷತ್ರ ಕೊಡುತ್ತಾರೆ. ಐದು ವರ್ಷಕ್ಕೊಮ್ಮೆ ಅದನ್ನು ಮತ್ತೆ ಪಡೆಯಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ನೌಕರರ ವಿಶ್ರಾಂತಿ ಕೋಣೆ, ಬಟ್ಟೆ ಇಡುವ ಬೀರು, ಶೌಚಾಲಯ, ಊಟದ ಜಾಗ ಇವೂ ಸೇರಿವೆ. ಈ ಮಾತನ್ನು ನೆನಪಿನಲ್ಲಿಡಿರಿ. ನೌಕರನಿಗೆ ಕುಳಿತುಕೊಳ್ಳಲು ಜಾಗವಿದೆಯೋ ಇಲ್ಲವೋ ಎಂಬುದೂ ನಕ್ಷತ್ರದ ಲೆಕ್ಕಕ್ಕೆ ಸೇರಿದ್ದು.

ಇನ್ನು ಹಣದ ಮಾತು. ಲೆಕ್ಕಕ್ಕೆ ಸುಲಭವಾಗಲಿ ಎಂದು ಒಂದು ರಾತ್ರಿಗೆ 10,000 ರೂಪಾಯಿ ಬಾಡಿಗೆಯ ಕೋಣೆ ಎಂದಿಟ್ಟುಕೊಳ್ಳೋಣ. ಇದಕ್ಕಿಂತ ಎಷ್ಟೋ ಹೆಚ್ಚಿನ ಬಾಡಿಗೆಯ ಕೋಣೆಗಳೂ ಉಂಟು. ದಿನಕ್ಕೆ 7,500 ರೂಪಾಯಿ ಮೀರಿದ ಕೋಣೆಗೆ ನೂರಕ್ಕೆ 18ರಂತೆ ಜಿ.ಎಸ್.ಟಿ. ತೆರಿಗೆ. ಅದಕ್ಕಿಂತ ಕಡಿಮೆಯ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 5 ಆಗಿದೆ. ಹಾಗಾದರೆ ನಮ್ಮ ಲೆಕ್ಕದ ಕೋಣೆಗೆ ತೆರಿಗೆ ಸೇರಿ 11,800 ರೂಪಾಯಿ. 2025–26ನೇ ಸಾಲಿಗೆ ತೆಲಂಗಾಣದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಗೊತ್ತುಮಾಡಿದ್ದ ಕೂಲಿ ದಿನಕ್ಕೆ 307 ರೂಪಾಯಿ. ಭಾಗಿಸಿ ನೋಡಿರಿ. ಒಬ್ಬ ಅತಿಥಿಯ ಒಂದು ರಾತ್ರಿಯ ನಿದ್ದೆ ಮಣ್ಣು ಹೊರುವ ಒಬ್ಬ ತಾಯಿಯ ಮೂವತ್ತೆಂಟು ದಿನದ ಬೆವರಿಗೆ ಸಮ. ಇದನ್ನು ಹೇಳಿ ನಿಮ್ಮ ಹೊಟ್ಟೆ ಉರಿಸಬೇಕೆಂದಲ್ಲ. ಹಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತಿಳಿಯದವನು ತನ್ನ ಪಾಲು ಎಷ್ಟೆಂದು ಕೇಳಲಾರನು. ಅದಕ್ಕಾಗಿ ಹೇಳಿದೆ.

ಕೋಣೆಯ ಹಿಂದಿನ ಕೈಗಳು

ಧಾನ್ಯಗಳ ವಿಷಯದ ಒಂದು ಸಭೆಗೆ ಕರೆಬಂದು ಅಂಥ ಒಂದು ಹೋಟೆಲಿನಲ್ಲಿ ನಾನು ಎರಡು ರಾತ್ರಿ ಇರಬೇಕಾಯಿತು. ಖರ್ಚು ಕರೆದವರದು. ಕೋಣೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಹಾಸಿಗೆ ಮೆತ್ತಗೆ, ಹೊದಿಕೆ ಹಾಲಿನಂತೆ ಬಿಳುಪು. ನಾನು ಎಲ್ಲೋ ಇಟ್ಟ ಕನ್ನಡಕ ಸಂಜೆ ಬಂದು ನೋಡಿದರೆ ಒಂದು ಸಣ್ಣ ಬಟ್ಟೆಯ ಮೇಲೆ ಒರೆಸಿ ಇಟ್ಟಿತ್ತು. ಯಾರು ಇಟ್ಟರು? ಅವರನ್ನು ನಾನು ನೋಡಲಿಲ್ಲ. ಆ ಹೋಟೆಲಿನ ಜಾಣತನ ಇದೇ. ಕೆಲಸ ಕಾಣಬೇಕು, ಕೆಲಸದವನು ಕಾಣಬಾರದು.

ಎರಡನೆಯ ದಿನ ಬೆಳಿಗ್ಗೆ ಕೋಣೆ ಗುಡಿಸುವ ಹುಡುಗ ಬಂದಾಗ ನಾನು ಒಳಗೇ ಇದ್ದೆ. ಇಂಗ್ಲಿಷಿನಲ್ಲಿ ಏನೋ ಕೇಳಿದ. ನಾನು ನನ್ನ ಮಗಳೊಂದಿಗೆ ಫೋನಿನಲ್ಲಿ ನಮ್ಮ ಮಾತಿನಲ್ಲಿ ಮಾತಾಡುತ್ತಿದ್ದೆ. ಕೇಳಿದವನೇ ಅವನ ಮುಖ ಅರಳಿತು. "ಯಾ ಊರು ಕಾಕಾ ನಿಮ್ದು?" ಎಂದ. ನಾರಾಯಣಖೇಡ ಕಡೆಯ ಹುಡುಗ. ಕೈ ನಿಲ್ಲಿಸದೆ ಮಾತಾಡಿದ, ಯಾಕಂದರೆ ನಿಲ್ಲಿಸುವ ಹಾಗಿಲ್ಲ. ಒಂದು ಪಾಳಿಯಲ್ಲಿ ಹದಿನಾಲ್ಕು ಕೋಣೆ ಮುಗಿಸಬೇಕು. ಒಂದೊಂದಕ್ಕೆ ಅರ್ಧ ಗಂಟೆ. ಹಾಸಿಗೆ ಎತ್ತಿ ನಾಲ್ಕು ಮೂಲೆಯಲ್ಲಿ ಚಾದರ ಮಡಚಿ ಬಿಗಿಯಬೇಕು. ಸ್ನಾನದ ಮನೆಯ ಕನ್ನಡಿಯಲ್ಲಿ ಒಂದು ನೀರಿನ ಕಲೆ ಇರಬಾರದು. ಹದಿನಾಲ್ಕು ಹಾಸಿಗೆ ಎತ್ತುವ ಹೊತ್ತಿಗೆ ಸೊಂಟ ಬಿದ್ದುಹೋಗುತ್ತದೆ ಎಂದ. ಇರುವುದು ಎಲ್ಲಿ ಎಂದು ಕೇಳಿದೆ. ಒಂದು ಬಾಡಿಗೆ ಕೋಣೆಯಲ್ಲಿ ಏಳು ಜನ, ಪಾಳಿಯ ಪ್ರಕಾರ ಮಲಗುತ್ತಾರೆ. ಅವನು ಹೋಟೆಲಿನ ನೌಕರನಲ್ಲ, ಗುತ್ತಿಗೆದಾರನ ಆಳು. ಅಂಗಿಯ ಮೇಲೆ ಹೋಟೆಲಿನ ಹೆಸರು, ಸಂಬಳದ ಚೀಟಿಯ ಮೇಲೆ ಇನ್ನೊಬ್ಬನ ಹೆಸರು. ಪ್ರಾವಿಡೆಂಟ್ ಫಂಡು ಹಿಡಿಯುತ್ತಾರೆಯೇ ಎಂದೆ. "ಹಿಡೀತಾರ ಕಾಕಾ. ನಂಬರು ಕೊಟ್ಟಿಲ್ಲ" ಎಂದ.

ಈ ಒಂದು ಉತ್ತರಕ್ಕಾಗಿ ನಾನು ಈ ಭಾಷಣ ಮಾಡುತ್ತಿದ್ದೇನೆ ಎಂದರೂ ಸರಿಯೇ.

ಆ ಹುಡುಗನ ಹಿಂದೆ ಇನ್ನೂ ಎಷ್ಟು ಕೈಗಳಿವೆ ನೋಡಿರಿ. ಒಂದು ಹಾಸಿಗೆಗೆ ಕನಿಷ್ಠ ಮೂರು ಜೊತೆ ಚಾದರ ಬೇಕು. ಒಂದು ಹಾಸಿಗೆಯ ಮೇಲೆ, ಒಂದು ಒಗೆಯುವ ಕಡೆ, ಒಂದು ಉಗ್ರಾಣದಲ್ಲಿ. ಅವುಗಳನ್ನು ಒಗೆದು ಬಿಸಿ ಉರುಳೆಯಲ್ಲಿ ಇಸ್ತ್ರಿ ಮಾಡುವವರು ನೆಲದಡಿಯ ಕೋಣೆಗಳಲ್ಲಿ ಹಬೆಯ ನಡುವೆ ನಿಂತಿರುತ್ತಾರೆ. ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುವವನು, ಮಾಂಸ ಕಡಿಯುವವನು, ರೊಟ್ಟಿ ಸುಡುವವನು ಬೇರೆ ಬೇರೆ. ಪಾತ್ರೆ ತೊಳೆಯುವವರದು ಒಂದು ಪ್ರತ್ಯೇಕ ದಂಡೇ ಇದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬನು ಆ ದಿನದ ಲೆಕ್ಕವನ್ನೆಲ್ಲ ಮುಗಿಸುತ್ತಾನೆ. ನೀರಿನ ಕೊಳವೆ, ವಿದ್ಯುತ್ತು, ತಣ್ಣನೆ ಗಾಳಿಯ ಯಂತ್ರ ನೋಡುವವರು, ಕಾವಲುಗಾರರು, ತೋಟದವರು ಬೇರೆ. ದೊಡ್ಡ ಹೋಟೆಲಿನಲ್ಲಿ ಒಂದು ಕೋಣೆಗೆ ಒಬ್ಬರಿಗಿಂತ ಹೆಚ್ಚು ನೌಕರರು ಬೇಕಾಗುತ್ತಾರೆ. ಇವರೆಲ್ಲರೂ ಒಳಬರುವುದು ಹಿಂದಿನ ಬಾಗಿಲಿಂದ. ಹೋಗುವಾಗ ಅದೇ ಬಾಗಿಲಲ್ಲಿ ಚೀಲ ತೋರಿಸಿ ಹೋಗಬೇಕು. ಆದದರಿಂದ ಹೋಟೆಲು ಮಾರುವುದು ಕೋಣೆಯನ್ನಲ್ಲ. ಕಲ್ಲು, ಗಾಜು, ಹಾಸಿಗೆ ಎಲ್ಲಾದರೂ ಸಿಕ್ಕುತ್ತವೆ. ಅದು ಮಾರುವುದು ಮನುಷ್ಯರ ಸೇವೆಯನ್ನು.

ಅರಮನೆ ಹೋಟೆಲಾದ ಕಥೆ

ನಮಗೆ ಹತ್ತಿರದ ಪಟ್ಟಣದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಹೈದರಾಬಾದಿನ ಗುಡ್ಡದ ಮೇಲೆ ಫಲಕ್‌ನುಮಾ ಅರಮನೆ. ಆಕಾಶದಂಥದ್ದು ಎಂದು ಆ ಹೆಸರಿನ ಅರ್ಥ. ಪೈಗಾ ಮನೆತನದ ನವಾಬ ವಿಕಾರ್-ಉಲ್-ಉಮ್ರಾ ಅದನ್ನು 1884ರಲ್ಲಿ ಕಟ್ಟಿಸತೊಡಗಿದರು. ಆಮೇಲೆ ಅದು ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಕೈಸೇರಿತು. ಅದರ ಊಟದ ಮೇಜಿಗೆ ನೂರಾ ಒಂದು ಜನ ಒಟ್ಟಿಗೆ ಕೂರಬಹುದು. ಎಷ್ಟೋ ವರ್ಷ ಬೀಗ ಬಿದ್ದಿದ್ದ ಆ ಅರಮನೆಯನ್ನು ತಾಜ್ ಕಂಪನಿಯವರು ಹತ್ತು ವರ್ಷ ದುರಸ್ತಿ ಮಾಡಿಸಿ 2010ರಲ್ಲಿ ಅರವತ್ತು ಕೋಣೆಗಳ ಹೋಟೆಲಾಗಿ ತೆರೆದರು.

ತಾಂಡೂರಿನಿಂದ ಬಂದವರೇ, ನಿಮ್ಮ ಇಂದಿನ ಜಿಲ್ಲೆ ವಿಕಾರಾಬಾದಿಗೆ ಹೆಸರು ಬಂದದ್ದು ಈ ನವಾಬರಿಂದಲೇ. ಪೈಗಾದವರಿಗೆ ದೊಡ್ಡ ದೊಡ್ಡ ಜಾಗೀರುಗಳಿದ್ದವು. ಜಾಗೀರಿನ ಕಂದಾಯ ಆಕಾಶದಿಂದ ಬೀಳುವುದಿಲ್ಲ, ರೈತನ ಹೊಲದಿಂದ ಬರುತ್ತದೆ. 1956ರಲ್ಲಿ ರಾಜ್ಯಗಳನ್ನು ಹಂಚುವವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಎಲ್ಲವೂ ನಿಜಾಮರ ರಾಜ್ಯವೇ. ಆ ಕಾಲದಲ್ಲಿ ಈ ನಾಡಿನ ರೈತರು ಕೊಟ್ಟ ಕಂದಾಯವು ಅರಮನೆಗಳ ಅಮೃತಶಿಲೆಯಾಗಿ ನಿಂತಿದೆ. "ನಮಗೂ ಅದಕ್ಕೂ ಏನು ಸಂಬಂಧ" ಎಂದವರಿಗೆ ಇದು ಮೊದಲನೆಯ ಉತ್ತರ.

ಕರ್ನಾಟಕದಲ್ಲೂ ಹೀಗೆಯೇ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸ್‌ರಾಯರ ಉಪಚಾರಕ್ಕಾಗಿ ಕಟ್ಟಿಸಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಸರಕಾರವೂ ಸುಮ್ಮನಿರಲಿಲ್ಲ. 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವನ್ನು ಮಾಡಿ ತಾನೇ ದೊಡ್ಡ ಹೋಟೆಲುಗಳನ್ನು ನಡೆಸಿತು. ಬೆಂಗಳೂರಿನ ಅಶೋಕ ಹೋಟೆಲು 1971ರದು. ಅಲ್ಲಿ ಪಾತ್ರೆ ತೊಳೆಯುವವನೂ ಸರಕಾರಿ ನಿಗಮದ ನೌಕರ. 2001ರಲ್ಲಿ ಆ ಹೋಟೆಲನ್ನು ಮೂವತ್ತು ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಆ ಕಾಲದಿಂದ ಎಲ್ಲ ಕಡೆಯೂ ಗಾಳಿ ಹೀಗೇ ಬೀಸಿದೆ. ಮೊದಲು ಕಟ್ಟಡ ಗುತ್ತಿಗೆ, ಆಮೇಲೆ ಕೆಲಸ ಗುತ್ತಿಗೆ, ಕಡೆಗೆ ಮನುಷ್ಯನೇ ಗುತ್ತಿಗೆ.

ಬಾಗಿಲು ಯಾರಿಗೆ ತೆರೆದಿದೆ?

ಡಾಕ್ಟರ್ ಅಂಬೇಡ್ಕರರ ಜೀವನದ ಒಂದು ಸಂಗತಿ ನಿಮಗೆ ಹೇಳಲೇಬೇಕು. ಅವರು ಅಮೆರಿಕ, ಲಂಡನ್ನುಗಳಲ್ಲಿ ಓದಿ 1917ರಲ್ಲಿ ಬರೋಡೆಯ ಮಹಾರಾಜರ ಕೆಲಸಕ್ಕೆ ಬಂದರು. ತಂಗಲು ಜಾಗ ಸಿಕ್ಕಲಿಲ್ಲ. ಹಿಂದೂ ಹೋಟೆಲಿನಲ್ಲಿ ಜಾತಿ ಕೇಳುತ್ತಾರೆ. ಕಡೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿಯ ಹೆಸರು ಬರೆಸಿ ಇಳಿದುಕೊಂಡರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ಕೋಲು ಹಿಡಿದು ಬಂದು ಅವರನ್ನು ಹೊರಡಿಸಿದರು. ಅಷ್ಟು ಓದಿದ ಮನುಷ್ಯನಿಗೆ, ಕೈಯಲ್ಲಿ ಬಾಡಿಗೆಯ ಹಣ ಇದ್ದ ಮನುಷ್ಯನಿಗೆ, ಒಂದು ಊರಿನಲ್ಲಿ ರಾತ್ರಿ ಕಳೆಯಲು ಒಂದು ಮೂಲೆ ಸಿಕ್ಕಲಿಲ್ಲ.

ಆ ಮನುಷ್ಯನೇ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾದನು. ಸಂವಿಧಾನದ ಹದಿನೈದನೆಯ ಅನುಚ್ಛೇದದಲ್ಲಿ ಬರೆದಿದೆ: ಧರ್ಮ, ಕುಲ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣದಿಂದ ಯಾವ ನಾಗರಿಕನನ್ನೂ ಅಂಗಡಿ, ಊಟದ ಮನೆ, ಹೋಟೆಲುಗಳಿಂದ ತಡೆಯುವಂತಿಲ್ಲ. ಹೋಟೆಲು ಎಂಬ ಮಾತನ್ನು ಹೆಸರು ಹಿಡಿದೇ ಬರೆದಿದ್ದಾರೆ. ಇದು 1950ರ ಜನವರಿ 26ರಿಂದ ನಡೆದುಬಂದ ಕಾನೂನು. ಹಾಗಾದರೆ ಇವತ್ತು ನೀವು ತೊಳೆದ ಪಂಚೆಯುಟ್ಟು ಆ ಗಾಜಿನ ಬಾಗಿಲಿಗೆ ಹೋದರೆ ಜಾತಿಯ ಹೆಸರಲ್ಲಿ ಯಾರೂ ತಡೆಯುವ ಹಾಗಿಲ್ಲ. ಬಾಗಿಲಿಗೆ ಈಗ ಹಾಕಿರುವ ಬೀಗ ಹಣದ್ದು. ಹಳೆಯ ಬೀಗ ತೆಗೆದದ್ದು ಸಣ್ಣ ಕೆಲಸವಲ್ಲ. ಹೊಸ ಬೀಗ ಇನ್ನೂ ಇದೆಯೆಂಬುದನ್ನೂ ಮರೆಯಬಾರದು. ನಮ್ಮ ಹಳ್ಳಿಯ ಚಹಾದ ಅಂಗಡಿಯಲ್ಲಿ ಬೇರೆ ಲೋಟ ಇಡುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ, ಐದು ನಕ್ಷತ್ರದ ಹೋಟೆಲಿನ ದೋಷ ಎಣಿಸುವ ಮುಂಚೆ ಅದನ್ನು ಒಡೆಯಬೇಕು.

ನಮ್ಮ ಧಾನ್ಯ ಒಳಗೆ ಹೋಯಿತು

ನಾನು ಇದ್ದ ಹೋಟೆಲಿನ ಬೆಳಗಿನ ಊಟದಲ್ಲಿ ಒಂದು ಮೂಲೆಗೆ ಸಿರಿಧಾನ್ಯ ಎಂದು ಚೀಟಿ ಹಚ್ಚಿ ಇಟ್ಟಿದ್ದರು. ಜೋಳದ ಸಣ್ಣ ರೊಟ್ಟಿ, ಸಜ್ಜೆಯ ಉಂಡೆ, ನವಣೆಯ ಉಪ್ಪಿಟ್ಟು. ನಮ್ಮ ಅಜ್ಜಿಯರು ಬರಗಾಲದಲ್ಲಿ ನಮ್ಮನ್ನು ಸಾಕಿದ ಕಾಳುಗಳು. "ಬಡವರ ಅನ್ನ" ಎಂದು ಇದನ್ನು ತಿನ್ನಲು ನಾಚಿದ ಕಾಲವೂ ಇತ್ತು.

ಈ ಕಾಳನ್ನು ಉಳಿಸಿದವರು ಯಾರು? ಈ ಪಸ್ತಾಪುರದಲ್ಲಿ ನಿಂತು ನಾನು ಅದನ್ನು ನಿಮಗೆ ಹೇಳಬೇಕಾಗಿಲ್ಲ. 1983ರಲ್ಲಿ ಇಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಅದರ ಸಂಘಗಳ ಹೆಣ್ಣುಮಕ್ಕಳು, ಹೆಚ್ಚಿನವರು ದಲಿತರು, ಬೀಳುಬಿದ್ದ ಹೊಲಗಳನ್ನು ಹಸನು ಮಾಡಿದರು, ಬೀಜ ಕೂಡಿಟ್ಟರು, ಒಂದೇ ಹೊಲದಲ್ಲಿ ಹಲವು ಕಾಳು ಬೆಳೆದರು. 2008ರಲ್ಲಿ ಮಾಚನೂರಿನಲ್ಲಿ ತಮ್ಮದೇ ರೇಡಿಯೊ ನಡೆಸಿದರು. ಅವರ ಜೊತೆ ನಿಂತ ಪಿ. ವಿ. ಸತೀಶ್ ಮೈಸೂರಿನ ಕನ್ನಡಿಗರು, ದೂರದರ್ಶನದ ಕೆಲಸ ಬಿಟ್ಟು ಬಂದವರು. 2019ರಲ್ಲಿ ಈ ಹೆಣ್ಣುಮಕ್ಕಳ ಕೆಲಸಕ್ಕೆ ವಿಶ್ವಸಂಸ್ಥೆಯ ಕಡೆಯಿಂದ ಈಕ್ವೇಟರ್ ಬಹುಮಾನ ಬಂತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷದ ಮಾರ್ಚಿಯಲ್ಲಿ ಸತೀಶರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಜಿ-20 ದೇಶಗಳ ಮುಖಂಡರ ಭೋಜನಕ್ಕೆ ಸಿರಿಧಾನ್ಯದ ಅಡಿಗೆ ಬಡಿಸಿದರು. ದೊಡ್ಡ ಹೋಟೆಲುಗಳೆಲ್ಲ ಅದನ್ನು ತಮ್ಮ ಊಟದ ಪಟ್ಟಿಗೆ ಸೇರಿಸಿಕೊಂಡವು.

ಇದು ಸಂತೋಷದ ಸಂಗತಿಯೇ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾಳಿಗೆ ಮುಂದಿನ ಬಾಗಿಲು ತೆರೆಯಿತು. ಕಾಳು ಬೆಳೆದವಳ ಮಗನಿಗೆ ಹಿಂದಿನ ಬಾಗಿಲೇ ಉಳಿಯಿತು. ಅಲ್ಲಿ ಒಂದು ತಟ್ಟೆ ನವಣೆ ಉಪ್ಪಿಟ್ಟಿಗೆ ಕೊಡುವ ಹಣಕ್ಕೆ ನಮ್ಮಲ್ಲಿ ಎಷ್ಟು ಕಿಲೋ ನವಣೆ ಕೊಳ್ಳಬಹುದು? ತಾಂಡೂರಿನ ತೊಗರಿಗೂ ಇದೇ ಲೆಕ್ಕ. ಅದಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೆಸರಿಗೆ ಬೆಲೆ ಬಂದಾಗ ಬೆಳೆದವನಿಗೂ ಬೆಲೆ ಬರಬೇಕು. ಅದು ತಾನಾಗಿ ಬರುವುದಿಲ್ಲ, ಒಟ್ಟಾಗಿ ಕೇಳಿದರೆ ಬರುತ್ತದೆ. ಇಲ್ಲಿಯ ಹೆಣ್ಣುಮಕ್ಕಳು ಅದನ್ನು ನಮಗೆ ಕಲಿಸಿದ್ದಾರೆ. ಜಹೀರಾಬಾದಿನಲ್ಲೇ ನಮ್ಮ ಧಾನ್ಯದ ಊಟದ ಮನೆ ನಡೆಸಿ ತೋರಿಸಿದ್ದಾರೆ.

ಸೇವೆ ಬೇರೆ, ಜೀತ ಬೇರೆ

ಹಾಗಾದರೆ ಮಕ್ಕಳನ್ನು ಕಳಿಸಬಾರದೋ? ನಾನು ಹಾಗೆ ಹೇಳುವುದಿಲ್ಲ. ಇನ್ನೊಬ್ಬನಿಗೆ ಹಾಸಿಗೆ ಹಾಸುವುದು, ಅನ್ನ ಬಡಿಸುವುದು ಕೀಳು ಕೆಲಸವಲ್ಲ. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಒಬ್ಬ ಛತ್ರದವನು ಬರುತ್ತಾನೆ. ನಾವು ಅವನನ್ನು ಮರೆತುಬಿಡುತ್ತೇವೆ. ಗಾಯಗೊಂಡವನನ್ನು ಅವನ ವಶಕ್ಕೆ ಬಿಟ್ಟ ಪ್ರಯಾಣಿಕ ಎರಡು ನಾಣ್ಯ ಮುಂಗಡ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುವೆನೆಂದು ಮಾತು ಕೊಟ್ಟನು. ಆರೈಕೆ ಪವಿತ್ರವಾದದ್ದು, ಆದದರಿಂದ ಪುಕ್ಕಟೆ ಮಾಡಿಸಬಹುದು ಎಂದು ಅವನು ವಾದಿಸಲಿಲ್ಲ.

1903ರಲ್ಲಿ ತೆರೆದ ಮುಂಬಯಿಯ ತಾಜ್ ಹೋಟೆಲಿನ ಮೇಲೆ 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ದಾಳಿ ಮಾಡಿದಾಗ ಅಲ್ಲಿಯ ಅಡಿಗೆಯವರು, ಬಡಿಸುವವರು ಓಡಿಹೋಗಬಹುದಿತ್ತು. ಹಿಂದಿನ ಮೆಟ್ಟಿಲುಗಳೆಲ್ಲ ಅವರಿಗೆ ಗೊತ್ತು. ಆದರೆ ಅವರು ಅತಿಥಿಗಳನ್ನು ಬಚ್ಚಿಟ್ಟರು, ಅದೇ ಹಿಂದಿನ ದಾರಿಗಳಿಂದ ಹೊರಗೆ ಸಾಗಿಸಿದರು, ಕೆಲವರು ಗುಂಡಿಗೆ ಅಡ್ಡ ನಿಂತು ಸತ್ತರು. ದಿನವೂ ಕಣ್ಣಿಗೆ ಬೀಳದ ಜನ ಅಂದು ಲೋಕಕ್ಕೆಲ್ಲ ಕಂಡರು. ಅಂಥ ಸೇವೆಯನ್ನು ಸಂಬಳದಿಂದ ಕೊಳ್ಳಲಾಗದು. ಹಾಗೆಂದು ಸಂಬಳ ಕಡಿಮೆ ಕೊಡಬಹುದೆಂದೂ ಅರ್ಥವಲ್ಲ.

ಹೋಟೆಲಿನ ಕೆಲಸದಿಂದ ಮೇಲೆ ಬಂದವರೂ ಉಂಟು. ಮೋಹನ್ ಸಿಂಗ್ ಒಬೆರಾಯ್ 1922ರಲ್ಲಿ ಶಿಮ್ಲಾದ ಹೋಟೆಲೊಂದರಲ್ಲಿ ತಿಂಗಳಿಗೆ 50 ರೂಪಾಯಿಯ ಗುಮಾಸ್ತನಾಗಿ ಸೇರಿ ಕಡೆಗೆ ದೊಡ್ಡ ಹೋಟೆಲುಗಳ ಒಡೆಯನಾದರು. ಇಂಥ ಕಥೆ ಹೇಳಿ ಹುಡುಗರನ್ನು ಹುರಿದುಂಬಿಸುವವರು ಬಹಳ. ಸಾವಿರದಲ್ಲಿ ಒಬ್ಬ ಒಡೆಯನಾದಾನು, ಮಿಕ್ಕವರ ಗತಿ ಏನು? ನನಗೆ ಇದಕ್ಕಿಂತ ಹೆಚ್ಚು ಹಿಡಿಸುವುದು ಮುಂಬಯಿಯ ಉಡುಪಿ ಹೋಟೆಲುಗಳ ಹುಡುಗರ ಕಥೆ. ದಕ್ಷಿಣ ಕನ್ನಡದಿಂದ ಹೊಟ್ಟೆಪಾಡಿಗೆ ಹೋದ ಆ ಹುಡುಗರು ಹಗಲು ಮೇಜು ಒರೆಸಿ, ರಾತ್ರಿ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿದರು. ಆ ಶಾಲೆಗಳನ್ನು ನಡೆಸಿದ್ದು ಅವರದೇ ಸಮಾಜದ ಸಂಘಗಳು. ಒಬ್ಬನೇ ಏರುವ ಏಣಿಗಿಂತ ಹಲವರು ನಡೆಯುವ ದಾರಿ ಮೇಲು.

ಕಳಿಸುವ ಮುಂಚೆ

ಮಕ್ಕಳನ್ನು ಕಳಿಸುವವರು ಈ ಕೆಲವು ಮಾತುಗಳನ್ನು ಬರೆದಿಟ್ಟುಕೊಳ್ಳಿರಿ.

ಒಂದು. ನೇಮಕಾತಿ ಪತ್ರವಿಲ್ಲದೆ ಕೆಲಸಕ್ಕೆ ನಿಲ್ಲಬಾರದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸಗಾರನಿಗೆ ಅದನ್ನು ಕೊಡಬೇಕು. ಯಾರ ಆಳು, ಹೋಟೆಲಿನವನೋ ಗುತ್ತಿಗೆದಾರನವನೋ, ಸಂಬಳ ಎಷ್ಟು ಎಂಬುದು ಅದರಲ್ಲಿರಬೇಕು.

ಎರಡು. ಪ್ರಾವಿಡೆಂಟ್ ಫಂಡಿನ ನಂಬರು ಕೇಳಿ ಪಡೆಯಬೇಕು. 12,000 ರೂಪಾಯಿ ಸಂಬಳಕ್ಕೆ ನೂರಕ್ಕೆ 12ರಂತೆ 1,440 ರೂಪಾಯಿ ಕೆಲಸಗಾರನಿಂದ ಹಿಡಿಯುತ್ತಾರೆ. ಅಷ್ಟೇ ಹಣವನ್ನು ಮಾಲಿಕನೂ ಹಾಕಬೇಕು. ನಂಬರಿದ್ದರೆ ಹಣ ಕಟ್ಟಿದ್ದಾರೋ ಇಲ್ಲವೋ ಎಂದು ಫೋನಿನಲ್ಲೇ ನೋಡಬಹುದು. ಆ ಹುಡುಗನಿಗೆ ನಾನು ಅದನ್ನೇ ಹೇಳಿ ಬಂದೆ.

ಮೂರು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದವರಿಗೆ ಇ.ಎಸ್.ಐ. ಉಂಟು. 12,000 ರೂಪಾಯಿಯವನು ಕೊಡುವುದು 90 ರೂಪಾಯಿ, ಮಾಲಿಕ ಕೊಡುವುದು 390 ರೂಪಾಯಿ. ಆ ಕಾರ್ಡಿದ್ದರೆ ಮನೆಯವರಿಗೂ ವೈದ್ಯ ಸಿಕ್ಕುತ್ತದೆ. ಸೊಂಟ ನೋವಿಗೆ ಸಾಲ ಮಾಡಬೇಕಾಗಿಲ್ಲ.

ನಾಲ್ಕು. ಹೆಣ್ಣುಮಕ್ಕಳನ್ನು ಕಳಿಸುವವರು ಕೇಳಲೇಬೇಕಾದ ಪ್ರಶ್ನೆ: ಕಿರುಕುಳದ ದೂರು ಕೇಳುವ ಸಮಿತಿ ಅಲ್ಲಿ ಇದೆಯೇ? ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡುವ ಕಡೆ ಅದು ಇರಲೇಬೇಕೆಂದು 2013ರ ಕಾನೂನು. ಮುಚ್ಚಿದ ಕೋಣೆಗಳಲ್ಲಿ ಒಂಟಿಯಾಗಿ ಮಾಡುವ ಕೆಲಸವಿದು. ರಾತ್ರಿ ಪಾಳಿಯಾದರೆ ಮನೆಗೆ ವಾಹನ ಉಂಟೇ ಎಂದೂ ಕೇಳಿರಿ.

ಐದು. ಕೆಲಸ ಕೊಡಿಸುವೆನೆಂದು ಹಣ ಕೇಳುವ ದಲ್ಲಾಳಿಗೆ ಒಂದು ಪೈಸೆ ಕೊಡಬೇಡಿರಿ. ಶಾಲೆಯ ಮೂಲ ಪತ್ರಗಳನ್ನು ಯಾರ ಕೈಯಲ್ಲೂ ಬಿಡಬೇಡಿರಿ, ನಕಲು ಕೊಡಿರಿ.

ಆರು. ಒಬ್ಬೊಬ್ಬರೇ ಕೇಳಿದರೆ ಹೊರಗೆ ಹಾಕುತ್ತಾರೆ. ಕೇರಳದ ಬಟ್ಟೆಯಂಗಡಿಗಳಲ್ಲಿ ದಿನವೆಲ್ಲ ನಿಂತಿರಬೇಕಾಗಿದ್ದ ಹೆಣ್ಣುಮಕ್ಕಳು ಒಟ್ಟಾಗಿ ಹೋರಾಡಿದ್ದರಿಂದ 2018ರಲ್ಲಿ ಕೂತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದರು. ತಮಿಳುನಾಡೂ 2021ರಲ್ಲಿ ಹಾಗೆ ಮಾಡಿತು. ಒಂದು ಸ್ಟೂಲಿಗೂ ಸಂಘ ಬೇಕಾಯಿತು!

ನಾವು ಅತಿಥಿಯಾದಾಗ

ನಿಮ್ಮಲ್ಲಿ ಯಾರಾದರೂ ಒಂದು ದಿನ ಅಂಥ ಕೋಣೆಯಲ್ಲಿ ಇಳಿಯಬಹುದು. ಸಭೆಗೆ ಕರೆಯಬಹುದು, ಮಗಳು ಸಂಪಾದಿಸಿ ಕರೆದುಕೊಂಡು ಹೋಗಬಹುದು. ಆಗ ತಲೆ ತಗ್ಗಿಸಬೇಡಿರಿ. ತಲೆ ಎತ್ತಿ ಅಲ್ಲಿಯ ಹುಡುಗರನ್ನು ಗದರಿಸಲೂ ಬೇಡಿರಿ. ಎದೆಯ ಮೇಲಿನ ಚೀಟಿಯಲ್ಲಿ ಹೆಸರಿರುತ್ತದೆ, ಹೆಸರು ಹಿಡಿದು ಮಾತಾಡಿಸಿರಿ. ಒದ್ದೆ ಟವೆಲುಗಳನ್ನು ಒಂದು ಕಡೆ ಕೂಡಿಡಿರಿ, ಹದಿನಾಲ್ಕು ಕೋಣೆ ಮಾಡುವವನ ಸೊಂಟ ಒಂದು ಸಲವಾದರೂ ಕಡಿಮೆ ಬಗ್ಗಲಿ. ಊಟದ ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ತಾವೇ ಸೇರಿಸುವಂತಿಲ್ಲವೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. ದಿಲ್ಲಿ ಹೈಕೋರ್ಟು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಗ್ರಾಹಕನಿಗೆ ಒಳ್ಳೆಯದೇ. ಆದರೆ ಬಿಲ್ಲಿನಲ್ಲಿ ಉಳಿದ ಹಣದಿಂದ ಸ್ವಲ್ಪವನ್ನು ಬಡಿಸಿದವನ ಕೈಗೇ ಕೊಡಿರಿ. ಕೋಣೆ ಬಿಡುವಾಗ ನೀವು ನೋಡದಿದ್ದ ಆ ಕೈಗೂ ಒಂದಿಷ್ಟು ಇಟ್ಟು ಬನ್ನಿರಿ. ಕೊಟ್ಟರೂ ಇನಾಮು ಇನಾಮೇ, ಅದು ಸಂಬಳದ ಬದಲಾಗದು.

ಸಹೋದರರೇ, ದೊಡ್ಡ ಹೋಟೆಲುಗಳು ಇನ್ನೂ ಏಳುತ್ತವೆ. ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ, ನಾವು ಬೇಡವೆಂದರೂ ಹೋಗುತ್ತಾರೆ. ಹೋಗುವವರು ಸೇವಕರಾಗಿ ಹೋಗಲಿ, ಗುಲಾಮರಾಗಿ ಬೇಡ. ಅವರ ಹಿಂದೆ ಒಂದು ಊರು ಇದೆ, ಕೇಳುವವರಿದ್ದಾರೆ ಎಂದು ಗುತ್ತಿಗೆದಾರನಿಗೆ ಗೊತ್ತಾಗಲಿ.

ಈಗ ಗುಂಪುಗಳಾಗಿ ಕುಳಿತು ಈ ಮೂರು ಪ್ರಶ್ನೆಗಳನ್ನು ಮಾತಾಡಿರಿ.

1. ನಮ್ಮ ಊರಿನಿಂದ ಹೋಟೆಲಿನ ಕೆಲಸಕ್ಕೆ ಹೋದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಗೆ ನೇಮಕಾತಿ ಪತ್ರ, ಪ್ರಾವಿಡೆಂಟ್ ಫಂಡಿನ ನಂಬರು ಇದೆ?

2. ಅವರು ಪಟ್ಟಣದಲ್ಲಿ ಒಬ್ಬರಿಗೊಬ್ಬರು ಸಿಕ್ಕುವಂತೆ, ಕಷ್ಟದಲ್ಲಿ ಒಂದು ಫೋನು ಮಾಡುವಂತೆ ನಾವು ಏನು ಏರ್ಪಾಡು ಮಾಡಬಹುದು?

3. ನಮ್ಮ ಮನೆಗೆ, ನಮ್ಮ ಹೊಲಕ್ಕೆ ಕೆಲಸಕ್ಕೆ ಬರುವವರಿಗೆ ನಾವು ಯಾವ ಬಾಗಿಲು ತೋರಿಸುತ್ತೇವೆ?